ಪಕ್ಕದಲ್ಲೇ ವಿಮಾನ ನಿಲ್ದಾಣ, ದಾರಿ ಮಾತ್ರ ದೂರ

(ಚಿಕ್ಕಬಳ್ಳಾಪುರದ ಪದವಿ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಮತ್ತು ಊರಿನವರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಒಂದು ಲೆಕ್ಕದಿಂದ ಶುರು ಮಾಡೋಣ. 2011ರ ಜನಗಣತಿ ಪ್ರಕಾರ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಜನಸಂಖ್ಯೆ 12 ಲಕ್ಷ 55 ಸಾವಿರ. ಗೌರಿಬಿದನೂರು, ಗುಡಿಬಂಡೆ, ಬಾಗೇಪಲ್ಲಿ, ಚಿಂತಾಮಣಿ, ಶಿಡ್ಲಘಟ್ಟ ಎಲ್ಲ ಸೇರಿ, ತೊಟ್ಟಿಲ ಕೂಸನ್ನೂ ಬಿಡದೆ ಎಣಿಸಿದ ಲೆಕ್ಕ ಇದು. ಈಗ ದೇವನಹಳ್ಳಿಯ ಕಡೆ ನೋಡಿ. 2024-25ರ ಸಾಲಿನಲ್ಲಿ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಓಡಾಡಿದ ಪ್ರಯಾಣಿಕರು 4 ಕೋಟಿ 18 ಲಕ್ಷಕ್ಕೂ ಜಾಸ್ತಿ. ದಿನಕ್ಕೆ 1 ಲಕ್ಷ 14 ಸಾವಿರ. ಅಂದರೆ ನಮ್ಮ ಇಡೀ ಜಿಲ್ಲೆಯ ಜನರಷ್ಟು ಪ್ರಯಾಣಿಕರು ಅಲ್ಲಿ ಹನ್ನೊಂದು ದಿನಕ್ಕೇ ಬಂದು ಹೋಗುತ್ತಾರೆ.

ಇದೆಲ್ಲ ನಡೆಯುವುದು ನಮ್ಮ ಊರಿನಿಂದ ಅರ್ಧ-ಮುಕ್ಕಾಲು ಗಂಟೆ ದಾರಿಯಲ್ಲಿ. ಜಯನಗರದವರಿಗಿಂತ, ಬನಶಂಕರಿಯವರಿಗಿಂತ ನಾವು ಆ ನಿಲ್ದಾಣಕ್ಕೆ ಹತ್ತಿರ. ಆದರೂ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ವಿಮಾನ ಹತ್ತುವುದು ಅಂದರೆ ಮೊದಲು ಬೆಂಗಳೂರಿಗೆ ಹೋಗಿ, ನೆಂಟರ ಮನೆಯಲ್ಲಿ ಮಲಗಿ, ಬೆಳಿಗ್ಗೆ ಅಲ್ಲಿಂದ ವಾಪಸ್ ಇದೇ ದಾರಿಯಲ್ಲಿ ಅರ್ಧ ದೂರ ಬರುವುದು. ನಗಬೇಡಿ, ಇದು ನಡೆಯುತ್ತಿದೆ.

ನಾನು ಆ ನಿಲ್ದಾಣದಲ್ಲಿ ಗ್ರೌಂಡ್ ಹ್ಯಾಂಡ್ಲಿಂಗ್ ಕೆಲಸ ಮಾಡಿದವನು. ವಿಮಾನ ಬಂದು ನಿಂತ ಮೇಲೆ ಏಣಿ ಹಚ್ಚುವುದು, ಬ್ಯಾಗು ಇಳಿಸುವುದು, ವೀಲ್‌ಚೇರ್ ಬೇಕಾದವರನ್ನು ಕರೆದುಕೊಂಡು ಹೋಗುವುದು, ಇವೆಲ್ಲ ಆ ಕೆಲಸಕ್ಕೆ ಸೇರಿದ್ದು. ಹಾಗಾಗಿ ನಿಲ್ದಾಣವನ್ನು ನಾನು ನೋಡಿದ್ದು ಹಿಂಬಾಗಿಲಿನಿಂದ. ಒಳಗಿನ ಸೇವೆ ಎಷ್ಟು ಸುಧಾರಿಸಿದೆ ಅನ್ನುವುದನ್ನು ಬಿಚ್ಚುಮನಸ್ಸಿನಿಂದ ಹೇಳುತ್ತೇನೆ. ಆದರೆ ನಮ್ಮ ಕಡೆಯಿಂದ ಅಲ್ಲಿಗೆ ಹೋಗುವ ದಾರಿ ಆ ವೇಗದಲ್ಲಿ ಸುಧಾರಿಸಿಲ್ಲ. ನಮಗೆ ಇನ್ನೊಂದು ವಿಮಾನ ನಿಲ್ದಾಣ ಬೇಕಾಗಿಲ್ಲ, ಇರುವುದಕ್ಕೆ ಉತ್ತರ ದಿಕ್ಕಿನಿಂದ ಒಂದು ಸರಿಯಾದ ದಾರಿ ಬೇಕು. ಇಷ್ಟು ಹೇಳಲಿಕ್ಕೇ ನಾನು ಬಂದಿದ್ದು.

ಹಳೆಯ ಕಥೆ ಬೇಗ ಮುಗಿಸುತ್ತೇನೆ. 2008ರ ಮೇ 24ಕ್ಕೆ ದೇವನಹಳ್ಳಿಯಲ್ಲಿ ವಿಮಾನ ಹಾರಾಟ ಶುರುವಾಯಿತು. ಅದಕ್ಕೂ ಮುಂಚೆ ಎಲ್ಲರೂ ಹೋಗುತ್ತಿದ್ದುದು ಎಚ್‌ಎಎಲ್ ನಿಲ್ದಾಣಕ್ಕೆ. ಅಲ್ಲಿ ಕೊನೆಕೊನೆಗೆ ನಿಲ್ಲಲೂ ಜಾಗ ಇರಲಿಲ್ಲ. ಸುಮಾರು 4,000 ಎಕರೆಯಲ್ಲಿ ಹೊಸ ನಿಲ್ದಾಣ ಬಂತು. 2013ರ ಡಿಸೆಂಬರಿನಲ್ಲಿ ಕೆಂಪೇಗೌಡರ ಹೆಸರು ಬಂತು. 2022ರ ನವೆಂಬರ್ 11ಕ್ಕೆ 108 ಅಡಿ ಎತ್ತರದ ಕೆಂಪೇಗೌಡರ ಪ್ರತಿಮೆ ಮತ್ತು ಎರಡನೇ ಟರ್ಮಿನಲ್ ಎರಡೂ ಉದ್ಘಾಟನೆಯಾದವು. ಟರ್ಮಿನಲ್ ಒಳಗೆ ಬಿದಿರು, ನೇತುಹಾಕಿದ ಗಿಡಗಳು, ನೀರು. ನೋಡಲು ಚೆನ್ನಾಗಿದೆ. ಪ್ರಶಸ್ತಿಗಳೂ ಬಂದಿವೆ. ಅವುಗಳ ಪಟ್ಟಿ ಓದುತ್ತಾ ನಿಮ್ಮ ಸಮಯ ತಿನ್ನುವುದಿಲ್ಲ.

ಕಟ್ಟಡಕ್ಕಿಂತ ದೊಡ್ಡ ಬದಲಾವಣೆ ಹೊರಗೆ ಆಗಿದೆ. ಅದು ರನ್‌ವೇ.

ಮೊದಲ ಹನ್ನೊಂದು ವರ್ಷ ಅಲ್ಲಿ ಇದ್ದದ್ದು ಒಂದೇ ರನ್‌ವೇ. ರಸ್ತೆಗೆ ಗುಂಡಿ ಬಿದ್ದರೆ ಪಕ್ಕದಲ್ಲಿ ಬಳಸಿಕೊಂಡು ಹೋಗಬಹುದು. ರನ್‌ವೇಗೆ ಪಕ್ಕ ಅನ್ನುವುದಿಲ್ಲ. 2017ರಲ್ಲಿ ಕಾಮಗಾರಿಗಾಗಿ ಎರಡು ತಿಂಗಳಿಗೂ ಹೆಚ್ಚು ಕಾಲ ಪ್ರತಿದಿನ ಹಗಲು ಹೊತ್ತಿನಲ್ಲಿ ಕೆಲವು ಗಂಟೆ ರನ್‌ವೇ ಮುಚ್ಚಬೇಕಾಯಿತು. ಆ ಹೊತ್ತಿನ ವಿಮಾನಗಳನ್ನೆಲ್ಲ ಬೆಳಿಗ್ಗೆಗೋ ರಾತ್ರಿಗೋ ತಳ್ಳಿದರು. 2019ರ ಡಿಸೆಂಬರಿನಲ್ಲಿ ದಕ್ಷಿಣದ ರನ್‌ವೇ ಬಂತು. ಅದೂ 4,000 ಮೀಟರ್ ಉದ್ದ. 2020ರಲ್ಲಿ ಹಳೆಯ ರನ್‌ವೇಯನ್ನು ಪೂರ್ತಿ ಮುಚ್ಚಿ ದುರಸ್ತಿ ಮಾಡಿದಾಗ ಹೊಸದು ಕೆಲಸ ನಡೆಸಿತು. ಕೊರೊನಾ ಕಾಲ ಆದ್ದರಿಂದ ಹಾರಾಟವೂ ಕಡಿಮೆ ಇತ್ತು ಅನ್ನಿ.

ಇನ್ನು ಮಂಜು. ಇದನ್ನು ಚಿಕ್ಕಬಳ್ಳಾಪುರದವರಿಗೆ ವಿವರಿಸಬೇಕಾಗಿಲ್ಲ. ಡಿಸೆಂಬರ್-ಜನವರಿಯಲ್ಲಿ ನಂದಿಬೆಟ್ಟಕ್ಕೆ ಬರುವವರು ಫೋಟೋ ಹೊಡೆದುಕೊಳ್ಳಲು ಕಾಯುವುದು ಇದೇ ಮಂಜಿಗೆ. ಹೆದ್ದಾರಿಯಲ್ಲಿ ಹೂವಿನ ಟೆಂಪೊ ಓಡಿಸುವವರು ಬೈದುಕೊಳ್ಳುವುದೂ ಇದಕ್ಕೇ. ರಾತ್ರಿ ಆಕಾಶ ತಿಳಿಯಾಗಿದ್ದು, ಗಾಳಿ ನಿಂತು, ನೆಲದಲ್ಲಿ ತೇವ ಇದ್ದರೆ ಬೆಳಗಿನ ಜಾವ ಮಂಜು ಕವಿಯುತ್ತದೆ. ವಿಮಾನ ನಿಲ್ದಾಣ ಇರುವುದು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿ, ಬಯಲಿನಲ್ಲಿ. ಅಲ್ಲೂ ಅದೇ ಕಥೆ.

ತೊಂದರೆ ಏನೆಂದರೆ, ಮಂಜು ಬೀಳುವ ಹೊತ್ತೇ ನಿಲ್ದಾಣದಲ್ಲಿ ಅತಿ ಹೆಚ್ಚು ವಿಮಾನ ಹೊರಡುವ ಹೊತ್ತು. ರಾತ್ರಿ ಬಂದು ತಂಗಿದ ವಿಮಾನಗಳೆಲ್ಲ ಬೆಳಿಗ್ಗೆ ಐದರಿಂದ ಸಾಲಾಗಿ ಹೊರಡಬೇಕು. ಒಂದು ವಿಮಾನ ದಿನಕ್ಕೆ ಒಂದೇ ಊರಿಗೆ ಹೋಗಿ ಸುಮ್ನೆ ನಿಲ್ಲುವುದಿಲ್ಲ. ಬೆಂಗಳೂರಿನಿಂದ ಪುಣೆ, ಪುಣೆಯಿಂದ ದೆಹಲಿ, ದೆಹಲಿಯಿಂದ ಗುವಾಹಟಿ, ಹೀಗೆ ಐದಾರು ಸಲ ಹತ್ತಿ ಇಳಿಯುತ್ತದೆ. ಊರು ಊರಿನ ಮಧ್ಯೆ ನೆಲದ ಮೇಲೆ ಸಿಗುವುದು ಅರ್ಧ ಗಂಟೆಯ ಆಸುಪಾಸು. ಅಷ್ಟರಲ್ಲಿ ಜನ ಇಳಿಯಬೇಕು, ಬ್ಯಾಗು ಇಳಿಯಬೇಕು, ಕ್ಲೀನಿಂಗ್ ಆಗಬೇಕು, ಇಂಧನ ತುಂಬಬೇಕು, ಹೊಸ ಜನ ಹತ್ತಬೇಕು. ಬೆಳಿಗ್ಗೆ ದೇವನಹಳ್ಳಿಯಲ್ಲಿ ಒಂದು ಗಂಟೆ ಹೋದರೆ ಅದು ಸಂಜೆಯವರೆಗೂ ವಾಪಸ್ ಸಿಗುವುದಿಲ್ಲ. ಸಂಜೆ ಗುವಾಹಟಿಯಲ್ಲಿ ಬಿಸಿಲು ಚೆನ್ನಾಗಿದೆ, ಆದರೂ ವಿಮಾನ ಲೇಟ್ ಅಂತಾರಲ್ಲ, ಯಾಕೆ ಅಂತ ಕೌಂಟರಿನವರ ಮೇಲೆ ರೇಗುವವರನ್ನು ನೋಡಿದ್ದೇನೆ. ಕಾರಣ ನಮ್ಮ ನಂದಿಬೆಟ್ಟದ ತಪ್ಪಲಲ್ಲಿ ಇರುತ್ತದೆ.

ಮುಂಚೆ ಅಲ್ಲಿ ವಿಮಾನ ಇಳಿಯಬೇಕಾದರೆ ರನ್‌ವೇ ಮೇಲೆ ಕನಿಷ್ಠ 550 ಮೀಟರ್ ಕಾಣಬೇಕಿತ್ತು. ದಕ್ಷಿಣದ ರನ್‌ವೇಗೆ ಕ್ಯಾಟ್-3 ಅನ್ನುವ ವ್ಯವಸ್ಥೆ ಬಂದ ಮೇಲೆ 50 ಮೀಟರ್ ಕಂಡರೂ ಇಳಿಯಬಹುದು. ನೆಲದಿಂದ ಬರುವ ರೇಡಿಯೊ ಸಂಕೇತ ಹಿಡಿದು ವಿಮಾನ ತಾನೇ ದಾರಿಗೆ ಕೂರುತ್ತದೆ, ರನ್‌ವೇ ದೀಪಗಳೂ ಬೇರೆ ಥರ. ಆದರೆ ಇದಕ್ಕೆ ನಿಲ್ದಾಣ ಒಂದೇ ತಯಾರಾಗಿದ್ದರೆ ಸಾಲದು. ವಿಮಾನದಲ್ಲಿ ಆ ಉಪಕರಣ ಇರಬೇಕು, ಪೈಲಟ್ ಆ ತರಬೇತಿ ಪಡೆದಿರಬೇಕು. ಅದಕ್ಕೇ ಒಂದೇ ಮಂಜಿನಲ್ಲಿ ಒಂದು ಕಂಪನಿಯ ವಿಮಾನ ಇಳಿದು, ಇನ್ನೊಂದು ಚೆನ್ನೈ ಕಡೆ ತಿರುಗಬಹುದು. ನನ್ನ ಲೆಕ್ಕದಲ್ಲಿ ಪ್ರಯಾಣಿಕರಿಗೆ ಸಿಕ್ಕ ಅತಿ ದೊಡ್ಡ ಸೇವೆ ಇದೇ. ಯಾರ ಕಣ್ಣಿಗೂ ಬೀಳುವುದಿಲ್ಲ, ಯಾರೂ ಸೆಲ್ಫಿ ತೆಗೆದುಕೊಳ್ಳುವುದಿಲ್ಲ.

ಈಗ ಒಳಗೆ ಬರೋಣ. ವಿಮಾನ ನಿಲ್ದಾಣದಲ್ಲಿ ಜನ ಸುಸ್ತಾಗುವುದು ಕ್ಯೂನಲ್ಲಿ. ಬಾಗಿಲಲ್ಲಿ ಒಂದು ಕ್ಯೂ, ಬ್ಯಾಗು ಕೊಡಲು ಒಂದು, ಸೆಕ್ಯೂರಿಟಿಗೆ ಒಂದು, ಹತ್ತುವಾಗ ಇನ್ನೊಂದು. ಬಾಗಿಲಿನ ಕ್ಯೂಗೆ ಬಂದ ಪರಿಹಾರ ಡಿಜಿಯಾತ್ರಾ. 2022ರ ಡಿಸೆಂಬರ್ 1ಕ್ಕೆ ದೆಹಲಿ, ವಾರಾಣಸಿ ಜೊತೆಗೆ ಬೆಂಗಳೂರಿನಲ್ಲಿ ಶುರುವಾಯಿತು. ಮೊಬೈಲಿನಲ್ಲಿ ಆಧಾರ್ ಮತ್ತು ಮುಖದ ಫೋಟೋ ಜೋಡಿಸಿ, ಬೋರ್ಡಿಂಗ್ ಪಾಸ್ ಸೇರಿಸಿಟ್ಟರೆ ಕ್ಯಾಮೆರಾ ಮುಖ ನೋಡಿ ಗೇಟು ತೆರೆಯುತ್ತದೆ. ಇದು ಕಡ್ಡಾಯವಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಮುಖದ ಫೋಟೋ ಕೊಡಲು ಇಷ್ಟ ಇಲ್ಲದವರು, ಸ್ಮಾರ್ಟ್‌ಫೋನ್ ಇಲ್ಲದವರು ಟಿಕೆಟ್ ಮತ್ತು ಗುರುತಿನ ಚೀಟಿ ತೋರಿಸಿ ಮಾಮೂಲಿ ಬಾಗಿಲಲ್ಲಿ ಹೋಗಬಹುದು.

ಸೆಕ್ಯೂರಿಟಿ ಕ್ಯೂ ಸ್ವಾರಸ್ಯದ್ದು. ಹಳೆಯ ಪದ್ಧತಿಯಲ್ಲಿ ಒಬ್ಬರ ಹಿಂದೆ ಒಬ್ಬರು ಟ್ರೇ ಇಡಬೇಕು. ಮುಂದಿನವರು ಬೆಲ್ಟ್ ಬಿಚ್ಚಲು, ಲ್ಯಾಪ್‌ಟಾಪ್ ತೆಗೆಯಲು ಒದ್ದಾಡಿದರೆ ಹಿಂದಿನ ನಲವತ್ತು ಜನವೂ ನಿಲ್ಲಬೇಕು. ಹಿಟ್ಟಿನ ಗಿರಣಿಯಲ್ಲಿ ಒಬ್ಬರ ಮೂಟೆ ಸಿಕ್ಕಿಕೊಂಡರೆ ಎಲ್ಲರ ಹಿಟ್ಟೂ ನಿಲ್ಲುತ್ತಲ್ಲ, ಹಾಗೆ. ಎರಡನೇ ಟರ್ಮಿನಲ್‌ನಲ್ಲಿ ಈಗ ಇರುವ ಸಾಲಿನಲ್ಲಿ ಹಲವರು ಏಕಕಾಲಕ್ಕೆ ಪಕ್ಕಪಕ್ಕ ನಿಂತು ಟ್ರೇ ತುಂಬುತ್ತಾರೆ. ಯಾರದ್ದು ಮೊದಲು ಮುಗಿಯಿತೋ ಅವರ ಟ್ರೇ ಮುಂದೆ ಹೋಗುತ್ತದೆ. ಅನುಮಾನ ಬಂದ ಟ್ರೇ ತಾನಾಗಿ ಪಕ್ಕದ ಹಳಿಗೆ ಸರಿಯುತ್ತದೆ, ಉಳಿದವು ನಿಲ್ಲುವುದಿಲ್ಲ. ಖಾಲಿ ಟ್ರೇ ಕೆಳಗಿನಿಂದ ವಾಪಸ್ ಬರುತ್ತದೆ. ಕೇಳಲಿಕ್ಕೆ ಸಣ್ಣ ವಿಷಯ. ಆದರೆ ಮೊದಲ ಸಲ ಬಂದ ಅಜ್ಜಿಯೊಬ್ಬರು ನಿಧಾನ ಮಾಡಿದರೆ ಹಿಂದಿನವರು ಗೊಣಗುವ ಕಾರಣವೇ ಹೋಯಿತು. ಸೇವೆ ಸುಧಾರಿಸಿತು ಅಂದರೆ ನನಗೆ ನೆನಪಾಗುವುದು ಇದು.

ಹಾಗಂತ ಎಲ್ಲವೂ ಮೆಷಿನ್ನಿಂದ ಆಗುವುದಿಲ್ಲ. ಬೇಗ ಹೋಗಬೇಕು ಅಂದರೆ ನಾವೂ ಸ್ವಲ್ಪ ತಿಳಿದಿರಬೇಕು. ಪವರ್ ಬ್ಯಾಂಕ್ ಯಾವಾಗಲೂ ಕೈಚೀಲದಲ್ಲಿ ಇರಬೇಕು, ಒಳಗೆ ಹಾಕುವ ದೊಡ್ಡ ಬ್ಯಾಗಿನಲ್ಲಿ ಇಡಬಾರದು. ಚಾಕು, ಕತ್ತರಿ ದೊಡ್ಡ ಬ್ಯಾಗಿನಲ್ಲಿ. ದೇಶದೊಳಗಿನ ವಿಮಾನದಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ, ದೊಡ್ಡ ಬ್ಯಾಗಿಗೆ 15 ಕಿಲೋ. ಇನ್ನು ಕೊಬ್ಬರಿ. ತುಮಕೂರು ಕಡೆಯ ನೆಂಟರಿದ್ದರೆ ದಯವಿಟ್ಟು ಹೇಳಿ. ದೆಹಲಿಯಲ್ಲಿರುವ ಮಗಳಿಗೆ ಅಂತ ತಿಪಟೂರಿನ ಒಣಕೊಬ್ಬರಿ ಕಟ್ಟಿಕೊಂಡು ಬರುತ್ತಾರೆ. ಅದು ಎಣ್ಣೆಯ ಅಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು ಅಂತ ವಿಮಾನಯಾನದ ನಿಯಮದಲ್ಲಿ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ. ಯಾವ ಬ್ಯಾಗಿನಲ್ಲೂ ಬಿಡುವುದಿಲ್ಲ. ಅಷ್ಟು ಚೆಂದದ ಕೊಬ್ಬರಿ ಕಸದ ಡಬ್ಬಕ್ಕೆ ಹೋಗುವುದು ನೋಡಲಾಗದು.

ವಿಮಾನ ಇಳಿದ ಮೇಲೆ ಬ್ಯಾಗಿಗೆ ಕಾಯುವುದು ನಮ್ಮವರಿಗೆ ಮಾಮೂಲಿ ಅನ್ನಿಸಿಬಿಟ್ಟಿದೆ. ಆದರೆ ಇದಕ್ಕೂ ಲೆಕ್ಕ ಇದೆ. 2024ರ ಫೆಬ್ರವರಿಯಲ್ಲಿ ವಿಮಾನಯಾನ ಭದ್ರತಾ ಬ್ಯೂರೊ ಏರ್‌ಲೈನ್‌ಗಳಿಗೆ ಸೂಚನೆ ಕೊಟ್ಟಿತು: ಎಂಜಿನ್ ಆಫ್ ಆದ ಹತ್ತು ನಿಮಿಷದೊಳಗೆ ಮೊದಲ ಬ್ಯಾಗು, ಮೂವತ್ತು ನಿಮಿಷದೊಳಗೆ ಕೊನೆಯ ಬ್ಯಾಗು ಬೆಲ್ಟಿಗೆ ಬರಬೇಕು. ಇದನ್ನು ಪಾಲಿಸುವುದು ಬೆಲ್ಟಿನ ವೇಗದಿಂದ ಆಗುವುದಲ್ಲ. ಕೆಳಗೆ ಬಿಸಿಲಲ್ಲಿ, ಮಳೆಯಲ್ಲಿ ಟ್ರಾಕ್ಟರ್‌ಗೆ ಡಾಲಿ ಕಟ್ಟಿಕೊಂಡು ಓಡುವ ಹುಡುಗರಿಂದ ಆಗುವುದು. ಅವರಲ್ಲಿ ನಮ್ಮ ಸುತ್ತಮುತ್ತಲ ತಾಲ್ಲೂಕಿನವರು ಎಷ್ಟೋ ಜನ ಇದ್ದಾರೆ. ಈ ಹಾಲ್‌ನಲ್ಲಿ ಕೂತವರಲ್ಲೂ ಕೆಲವರ ಅಣ್ಣತಮ್ಮಂದಿರು ಇರಬಹುದು.

ಪ್ರಯಾಣಿಕರ ಹಕ್ಕಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮೊದಲ ಸಲ ಹೋಗುವವರು ಕೇಳಲು ಸಂಕೋಚಪಡುತ್ತಾರೆ. ದೇಶದ ವಿಮಾನಯಾನದ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮದ ಪ್ರಕಾರ, ಎರಡೂವರೆ ಗಂಟೆವರೆಗಿನ ಹಾರಾಟ ಎರಡು ಗಂಟೆಗಿಂತ ಜಾಸ್ತಿ ತಡವಾದರೆ ಸರಿಯಾದ ಸಮಯಕ್ಕೆ ಚೆಕ್-ಇನ್ ಮಾಡಿದವರಿಗೆ ತಿಂಡಿ ಅಥವಾ ಊಟ ಕೊಡಬೇಕು. ಆರು ಗಂಟೆ ಮೀರಿ ತಡ ಆಗುವುದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸ್, ಇವೆರಡರಲ್ಲಿ ಆಯ್ಕೆ ಪ್ರಯಾಣಿಕರದ್ದು. ಮುಂಚೆ ತಿಳಿಸದೆ ವಿಮಾನ ರದ್ದು ಮಾಡಿದರೆ ಹಾರಾಟದ ಅವಧಿಗೆ ತಕ್ಕಂತೆ 10,000 ರೂಪಾಯಿವರೆಗೆ ಪರಿಹಾರ ಇದೆ. ಮಂಜು, ಮಳೆ, ಬಂದ್ ಇಂಥ ಕೈಮೀರಿದ ಕಾರಣಕ್ಕೆ ಪರಿಹಾರದ ಹಣ ಬರುವುದಿಲ್ಲ. ನಡೆಯಲು ಕಷ್ಟ ಇರುವವರಿಗೆ ವೀಲ್‌ಚೇರ್ ನೆರವು ಉಚಿತ, ಆದರೆ ಟಿಕೆಟ್ ಮಾಡುವಾಗಲೇ ಹೇಳಿಟ್ಟರೆ ಒಳ್ಳೆಯದು. ತಕರಾರಿದ್ದರೆ ಏರ್‌ಸೇವಾ ಆ್ಯಪ್‌ನಲ್ಲಿ ದೂರು ಕೊಡಬಹುದು. ಕೌಂಟರಿನಲ್ಲಿ ಇಂಗ್ಲಿಷ್ ಬಾರದು ಅಂತ ಹಿಂಜರಿಯಬೇಡಿ. ಕನ್ನಡದಲ್ಲೇ ಕೇಳಿ. ಉತ್ತರ ಹುಡುಕುವುದು ಅವರ ಕೆಲಸ.

ಟೀ ಬೆಲೆ ಬಗ್ಗೆ ಮಾತಾಡದಿದ್ದರೆ ಈ ಉಪನ್ಯಾಸ ಪೂರ್ತಿ ಆಗುವುದಿಲ್ಲ, ಅಲ್ವಾ? 2024ರ ಡಿಸೆಂಬರಿನಲ್ಲಿ ಕೋಲ್ಕತ್ತ ವಿಮಾನ ನಿಲ್ದಾಣದಲ್ಲಿ ಉಡಾನ್ ಯಾತ್ರಿ ಕೆಫೆ ಶುರುವಾಯಿತು. ಟೀ ಹತ್ತು ರೂಪಾಯಿ, ನೀರಿನ ಬಾಟಲಿ ಹತ್ತು ರೂಪಾಯಿ. ಆಮೇಲೆ ಚೆನ್ನೈನಲ್ಲೂ ಬಂತು. ದೊಡ್ಡ ನಿಲ್ದಾಣದಲ್ಲಿ ಅಗ್ಗದ ಟೀ ಮಾರಿದರೆ ಆಕಾಶ ಕೆಳಗೆ ಬೀಳುವುದಿಲ್ಲ ಅಂತ ಅವರು ತೋರಿಸಿದ್ದಾರೆ. ಇಂಥದ್ದು ಎಲ್ಲ ನಿಲ್ದಾಣದಲ್ಲೂ ಇರಲಿ ಅನ್ನುವುದು ನನ್ನ ಆಸೆ.

ಈಗ ನಮ್ಮ ಭಾಗಕ್ಕೆ ಬರುತ್ತೇನೆ. ತುಮಕೂರಿನವರು ತಮಗೂ ವಿಮಾನ ನಿಲ್ದಾಣ ಬೇಕು ಅನ್ನುತ್ತಾರೆ. ಕೋಲಾರದವರೂ ಕೇಳಬಹುದು. ಆಸೆ ತಪ್ಪಲ್ಲ. ಆದರೆ ದೇವನಹಳ್ಳಿ ನಿಲ್ದಾಣದ ಒಪ್ಪಂದದಲ್ಲಿ ಒಂದು ಷರತ್ತು ಇದೆ. ಶುರುವಾದ ದಿನದಿಂದ 25 ವರ್ಷ, ಅಂದರೆ 2033ರವರೆಗೆ, 150 ಕಿಲೋಮೀಟರ್ ದೂರದೊಳಗೆ ಪೈಪೋಟಿಗೆ ಇನ್ನೊಂದು ನಿಲ್ದಾಣ ಬರುವಂತಿಲ್ಲ. ಮೈಸೂರಿನಂಥ ಒಂದೆರಡು ಊರಿಗೆ ಮಾತ್ರ ವಿನಾಯಿತಿ. ಅದಕ್ಕೇ ಬೆಂಗಳೂರಿನ ಎರಡನೇ ನಿಲ್ದಾಣದ ಚರ್ಚೆಯೆಲ್ಲ ಆ ಇಸವಿಯನ್ನು ಕಣ್ಣ ಮುಂದೆ ಇಟ್ಟುಕೊಂಡೇ ನಡೆಯುವುದು.

ಇನ್ನೊಂದು ಮಾತು. ನಿಲ್ದಾಣ ಕಟ್ಟುವುದು ಸುಲಭದ ಭಾಗ. ವಿಮಾನ ಬರುವಂತೆ ಮಾಡುವುದು ಕಷ್ಟ. ನಮ್ಮ ರಾಜ್ಯದಲ್ಲೇ ನೋಡಿ. 2019ರಲ್ಲಿ ಕಲಬುರಗಿ, 2020ರಲ್ಲಿ ಬೀದರ್, 2023ರಲ್ಲಿ ಶಿವಮೊಗ್ಗ. ಸಣ್ಣ ಊರುಗಳಿಗೂ ವಿಮಾನ ಹಾರಿಸುವ ಉಡಾನ್ ಯೋಜನೆಯಲ್ಲಿ ಸರ್ಕಾರ ಏರ್‌ಲೈನ್‌ಗೆ ಆಗುವ ಕೊರತೆಯನ್ನು ಸಾಮಾನ್ಯವಾಗಿ ಮೂರು ವರ್ಷ ತುಂಬಿಕೊಡುತ್ತದೆ. ಆಮೇಲೆ ಸೀಟು ತುಂಬದಿದ್ದರೆ ಕಂಪನಿ ವಿಮಾನ ತೆಗೆದುಕೊಂಡು ಬೇರೆ ಊರಿಗೆ ಹೋಗುತ್ತದೆ. ಬೀದರ್‌ನಲ್ಲಿ ಶುರುವಾದ ವಿಮಾನ ಮಧ್ಯೆ ನಿಂತು, ಮತ್ತೆ ಶುರುವಾಗಬೇಕಾಯಿತು. ಬೀದರಿನವರಿಗೆ ಅದು ನಿಜಕ್ಕೂ ಬೇಕು. ಬೆಂಗಳೂರಿಗೆ ರೈಲಿನಲ್ಲಿ ಒಂದು ರಾತ್ರಿ ಪೂರ್ತಿ ಬೇಕು ಅವರಿಗೆ. ನಮ್ಮ ಸ್ಥಿತಿ ಹಾಗಿಲ್ಲ. ನಮಗೆ ಜಗತ್ತಿನ ಮೂಲೆಮೂಲೆಗೆ ವಿಮಾನ ಇರುವ ನಿಲ್ದಾಣ ಊಟದ ಹೊತ್ತಿಗೆ ಹೋಗಿ ಬರುವಷ್ಟು ಹತ್ತಿರ ಇದೆ.

ನಮ್ಮ ಹೂವಿಗೆ ಈ ಮಾತು ಅರ್ಥವಾಗಿದೆ. ನಮ್ಮ ಸುತ್ತಲಿನ ಪಾಲಿಹೌಸ್‌ನಲ್ಲಿ ಕೊಯ್ದ ಗುಲಾಬಿ ತಣ್ಣನೆಯ ಗಾಡಿಯಲ್ಲಿ ಹೋಗಿ ಫೆಬ್ರವರಿ 14ಕ್ಕೆ ಮುಂಚೆ ಸಿಂಗಪುರ, ದುಬೈ ಮುಟ್ಟುತ್ತದೆ. ಬೇಗ ಹಾಳಾಗುವ ಸರಕಿನ ರಫ್ತಿನಲ್ಲಿ ಈ ನಿಲ್ದಾಣ ದೇಶದಲ್ಲಿ ಮುಂಚೂಣಿಯಲ್ಲಿದೆ. ಗುಲಾಬಿಗೆ ಇರುವ ದಾರಿ ಮನುಷ್ಯರಿಗೆ ಯಾಕಿಲ್ಲ ಅನ್ನುವುದು ನನ್ನ ಪ್ರಶ್ನೆ.

ಬೆಂಗಳೂರಿನ ಕಡೆಯಿಂದ ನೋಡಿ. ಊರಿನ ಮೂಲೆಮೂಲೆಯಿಂದ ನಿಲ್ದಾಣಕ್ಕೆ ಬಿಎಂಟಿಸಿಯ ವಾಯುವಜ್ರ ಬಸ್ಸು. ಮೈಸೂರಿನಿಂದ ಕೆಎಸ್‌ಆರ್‌ಟಿಸಿಯ ಫ್ಲೈಬಸ್. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರ, ಹೆಬ್ಬಾಳದ ಮೇಲೆ ಮೆಟ್ರೊದ ನೀಲಿ ಮಾರ್ಗದ ಕೆಲಸ ನಡೆದಿದೆ. ಉಪನಗರ ರೈಲಿನ ಸಂಪಿಗೆ ಮಾರ್ಗದ ಯೋಜನೆ ಇದೆ. ಎಲ್ಲದರ ಮುಖ ದಕ್ಷಿಣಕ್ಕೆ. ನಮ್ಮ ಕಡೆಯಿಂದ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಬಸ್ಸಿಗೆ ಬರ ಇಲ್ಲ. ಹೈದರಾಬಾದಿನಿಂದ ಬರುವುದೂ ಇದೇ ದಾರಿ. ಸಾದಹಳ್ಳಿ ಟೋಲ್ ಕೂಡ ನಮಗೆ ಅಡ್ಡ ಬರುವುದಿಲ್ಲ, ಅದು ನಿಲ್ದಾಣದ ಆಚೆಗಿದೆ. ಆದರೆ ಈ ಬಸ್ಸುಗಳಲ್ಲಿ ಬಹುಪಾಲು ಹೆದ್ದಾರಿಯಲ್ಲೇ ಸೀದಾ ಹೋಗಿಬಿಡುತ್ತವೆ. ಕಂಡಕ್ಟರ್ ಏರ್‌ಪೋರ್ಟ್ ಫ್ಲೈಓವರ್ ಹತ್ತಿರ ಇಳಿಸುತ್ತಾರೆ. ಅಲ್ಲಿಂದ ಟರ್ಮಿನಲ್ ಬಾಗಿಲಿಗೆ ಇನ್ನೂ ಕೆಲವು ಕಿಲೋಮೀಟರ್. ಎರಡು ಸೂಟ್‌ಕೇಸು, ಒಂದು ಮಗು, ಬೆಳಗಿನ ಜಾವ ನಾಲ್ಕು ಗಂಟೆ. ಆಗ ಟ್ಯಾಕ್ಸಿಯವನು ಹೇಳಿದ್ದೇ ರೇಟು.

ರೈಲಿನ ವಿಷಯ ಇನ್ನೂ ಹೊಟ್ಟೆ ಉರಿಸುತ್ತದೆ. ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಕೋಲಾರ, ಬಂಗಾರಪೇಟೆ. ಈ ಹಳಿ ನಮ್ಮ ಅಜ್ಜಂದಿರು ನ್ಯಾರೋ ಗೇಜ್ ಗಾಡಿಯಲ್ಲಿ ಓಡಾಡಿದ ಹಳಿ. 2013ರಲ್ಲಿ ಕೋಲಾರದವರೆಗೂ ಬ್ರಾಡ್ ಗೇಜ್ ಆಯಿತು. 2021ರ ಜನವರಿಯಲ್ಲಿ ಇದೇ ಹಳಿಯ ಮೇಲೆ, ವಿಮಾನ ನಿಲ್ದಾಣದ ಕಾಂಪೌಂಡಿನ ಹತ್ತಿರವೇ ಒಂದು ಹಾಲ್ಟ್ ಸ್ಟೇಷನ್ ಬಂತು. ಅಲ್ಲಿಂದ ಟರ್ಮಿನಲ್‌ಗೆ ಶಟಲ್ ಬಸ್ಸು. ಬೆಂಗಳೂರಿನಿಂದ ಅಲ್ಲಿಗೆ ಶುರುವಿನಲ್ಲಿ ಟಿಕೆಟ್ ಹತ್ತು-ಹದಿನೈದು ರೂಪಾಯಿ. ದೇಶದಲ್ಲಿ ಇಷ್ಟು ಅಗ್ಗವಾಗಿ ವಿಮಾನ ನಿಲ್ದಾಣ ಮುಟ್ಟುವ ಊರುಗಳು ಕಡಿಮೆ. ಆದರೆ ಒಂಟಿ ಹಳಿ, ಬೆರಳೆಣಿಕೆಯ ಗಾಡಿ. ವಿಮಾನಗಳ ವೇಳೆಗೂ ಈ ಗಾಡಿಗಳ ವೇಳೆಗೂ ತಾಳ ಇಲ್ಲ. ರೈಲು ಬರುವ ಹೊತ್ತಿಗೆ ನಿಮ್ಮ ವಿಮಾನ ಹೋಗಿರುತ್ತದೆ, ಇಲ್ಲವೇ ನೀವು ಐದು ಗಂಟೆ ಮುಂಚೆ ಹೋಗಿ ಕೂರಬೇಕು. ಜನ ಬರಲಿಲ್ಲ. ಜನ ಬರುವುದಿಲ್ಲ, ಅದಕ್ಕೇ ಗಾಡಿ ಹೆಚ್ಚು ಮಾಡುವುದಿಲ್ಲ ಅಂತ ಆ ಕಡೆಯ ಉತ್ತರ. ಗಾಡಿ ಹೊತ್ತಿಗೆ ಸರಿಯಾಗಿಲ್ಲ, ಅದಕ್ಕೇ ಬರುವುದಿಲ್ಲ ಅಂತ ಈ ಕಡೆಯ ಉತ್ತರ. ಇಬ್ಬರದ್ದೂ ನಿಜವೇ.

ಇದನ್ನು ಬಿಡಿಸಲು ದೊಡ್ಡ ಯೋಜನೆ ಬೇಡ. ಬೆಳಗಿನ ಜಾವ ಮೂರೂವರೆಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಒಂಬತ್ತರ ಮೇಲೆ ಒಂದು ಬಸ್ಸು ಚಿಕ್ಕಬಳ್ಳಾಪುರದಿಂದ ಟರ್ಮಿನಲ್ ಬಾಗಿಲಿಗೇ ಹೋಗಿ ಬರಲಿ. ಲಗೇಜಿಗೆ ಜಾಗ ಇರಲಿ. ಚಿಂತಾಮಣಿ ಮತ್ತು ಗೌರಿಬಿದನೂರಿನ ಬಸ್ಸು ಅದಕ್ಕೆ ತಾಗುವಂತೆ ಇರಲಿ. ರೈಲಿನಲ್ಲಿ ಇರುವ ಗಾಡಿಗಳ ಪೈಕಿ ಒಂದೆರಡನ್ನು ವಿಮಾನದ ವೇಳೆ ನೋಡಿ ಹಿಂದೆ ಮುಂದೆ ಮಾಡಿದರೂ ಸಾಕು. ಇದರಲ್ಲಿ ಟರ್ಮಿನಲ್‌ನ ಒಂದು ಬಿದಿರಿನ ಕಂಬದಷ್ಟೂ ಖರ್ಚಿಲ್ಲ ಅಂತ ನನ್ನ ಅಂದಾಜು. ತಮಾಷೆಗೆ ಹೇಳಿದೆ, ಬರೆದುಕೊಳ್ಳಬೇಡಿ.

ಆದರೆ ಕೇಳುವವರ ಕೈಯಲ್ಲಿ ಲೆಕ್ಕ ಇರಬೇಕು. "ನಮಗೆ ಬಸ್ಸು ಬೇಕು" ಅಂತ ಬರೆದ ಮನವಿಗಳು ಕಚೇರಿಯಲ್ಲಿ ರಾಶಿ ಬಿದ್ದಿರುತ್ತವೆ. ಇಲ್ಲಿ ಕಾಮರ್ಸ್ ಓದುವ ಮಕ್ಕಳು ಇದ್ದೀರಿ. ನಿಮಗೆ ಪ್ರಾಜೆಕ್ಟ್ ವರ್ಕ್ ಹೇಗೂ ಇದೆ. ಒಂದು ವಾರ ನಮ್ಮ ಬಸ್ ನಿಲ್ದಾಣದಲ್ಲಿ, ರೈಲ್ವೆ ಸ್ಟೇಷನ್ನಿನಲ್ಲಿ, ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಿಂತು ಕೇಳಿ. ವಿಮಾನಕ್ಕೆ ಹೋಗುವವರು ಎಷ್ಟು ಜನ, ಯಾವ ತಾಲ್ಲೂಕಿನವರು, ಎಷ್ಟು ಹೊತ್ತಿನ ವಿಮಾನ, ಎಷ್ಟು ಕೊಟ್ಟು ಹೋಗುತ್ತಿದ್ದಾರೆ. ಪ್ರಯಾಣಿಕರ ಜೊತೆಗೆ ಅಲ್ಲಿ ಕೆಲಸಕ್ಕೆ ಹೋಗುವವರನ್ನೂ ಮರೆಯದೆ ಎಣಿಸಿ. ಶಿಫ್ಟ್ ಬದಲಾಗುವ ಹೊತ್ತು ಬರೆದುಕೊಳ್ಳಿ, ಏಕೆಂದರೆ ದಿನವೂ ಸೀಟು ತುಂಬುವವರು ಅವರೇ. ಬೆಳಗಿನ ಜಾವದ ಪಾಳಿಗೆ ಹುಡುಗಿಯರನ್ನು ಕಳಿಸಬೇಡಿ, ಒಬ್ಬಿಬ್ಬರೇ ಹುಡುಗರೂ ಬೇಡ, ಗುಂಪಾಗಿ ಹೋಗಿ, ಜೊತೆಗೆ ಲೆಕ್ಚರರ್ ಒಬ್ಬರು ಇರಲಿ. ಆ ಪಟ್ಟಿ ತಯಾರಾದ ದಿನ ಕೆಎಸ್‌ಆರ್‌ಟಿಸಿ ಡಿಪೊಗೆ ನಾನೂ ನಿಮ್ಮ ಜೊತೆ ಬರುತ್ತೇನೆ.